ಒಂದು ತೊಟ್ಟೂ ಚೆಲ್ಲದ ಪಿಳ್ಳಪ್ಪ

ಪಿಳ್ಳಪ್ಪನ ಕತೆ ಕೇಳುವವರು ಮೊದಲು ಒಂದು ವಿಷಯ ತಿಳಿದಿರಬೇಕು. ಅವನು ಯಾವತ್ತೂ ಯಾರ ಮಾತನ್ನೂ ಮೀರಿದವನಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನನ್ನು ಕಾರ್ಖಾನೆಯವರು ಒಳ್ಳೆಯ ಆಳು ಅನ್ನುತ್ತಾರೆ, ಊರವರು ಪೆದ್ದ ಅನ್ನುತ್ತಾರೆ. ಇಬ್ಬರೂ ಹೇಳುವುದು ಒಬ್ಬನನ್ನೇ.

ಇಪ್ಪತ್ತೆಂಟು ವರ್ಷದ ಗಂಡಸು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಅವನ ತಾಯಿ ಅಕ್ಕಯ್ಯಮ್ಮ ಒಲೆಯ ಮೇಲೆ ಹಾಲಿಟ್ಟು, ಉಕ್ಕೋ ತನಕ ಇಲ್ಲೇ ಕೂತಿರು ಮಗ ಅಂತ ನೀರಿಗೆ ಹೋದರೆ, ಅವನು ಉಕ್ಕುವ ತನಕ ಕೂತಿದ್ದು, ಉಕ್ಕಿದ ಮೇಲೆ ಎದ್ದು ಹೋಗುತ್ತಿದ್ದ. ಅಕ್ಕಯ್ಯಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು. "ಹಂಗಲ್ಲ ಕಣೋ ನನ್ನ ಮಗನೇ" ಅಂತ ಶುರು ಮಾಡಿ ಹೊಸ ಬುದ್ಧಿ ಹೇಳುತ್ತಿದ್ದಳು. ಅವನು ಅದನ್ನು ಮರೆಯಬಾರದು ಅಂತ ಹೆಗಲ ಮೇಲಿನ ಟವಲಿಗೆ ಒಂದು ಗಂಟು ಹಾಕುತ್ತಿದ್ದ. ಆ ಟವಲಿನಲ್ಲಿ ಮುಖ ಒರೆಸಿಕೊಳ್ಳುವುದಕ್ಕೆ ಜಾಗವೇ ಉಳಿದಿರಲಿಲ್ಲ.

ಅಕ್ಕಯ್ಯಮ್ಮ ನಂದಿ ಬೆಟ್ಟದ ತಪ್ಪಲಿನ ಒಂದು ವೈನ್ ಕಾರ್ಖಾನೆಯ ತೋಟದಲ್ಲಿ ಇಪ್ಪತ್ತೆರಡು ವರ್ಷ ದ್ರಾಕ್ಷಿ ಗೊಂಚಲು ಕತ್ತರಿಸಿದವಳು. ಒಂದು ದಿನ ಕತ್ತರಿ ಕೆಳಗಿಟ್ಟಳು, ಬೆರಳು ಬಿಚ್ಚಲಿಲ್ಲ. ಕತ್ತರಿ ಹಿಡಿದ ಹಾಗೇ ಮಡಿಚಿಕೊಂಡು ಉಳಿಯಿತು. ಕಾರ್ಖಾನೆ ಆ ಬೆರಳಿಗೆ ಏನೂ ಕೊಡಲಿಲ್ಲ. ಕೊಡುವುದಿರಲಿ, ಅವಳಿದ್ದ ಮನೆಯನ್ನು ವಾಪಸು ಕೇಳಿತು.

ಅದು ಲೈನ್ ಮನೆ. ಇಪ್ಪತ್ತು ಮನೆಗಳ ಒಂದು ಸಾಲು, ಮೇಲೆ ಶೀಟು, ಮುಂದೆ ಎಲ್ಲರಿಗೂ ಸೇರಿ ಒಂದು ನಲ್ಲಿ. ಒಂಬತ್ತನೆಯದು ಅಕ್ಕಯ್ಯಮ್ಮನದು. ಮನೆಯವರಲ್ಲಿ ಒಬ್ಬರ ಹೆಸರಾದರೂ ಹಾಜರಿ ಪುಸ್ತಕದಲ್ಲಿರಬೇಕು, ಹೆಸರು ಹೋದ ದಿನವೇ ದೀಪ ಹಚ್ಚುವ ಹೊತ್ತಿಗೆ ಬೀಗದ ಕೈ ಮೇಸ್ತ್ರಿಯ ಕೈ ಸೇರಬೇಕು. ಇದು ಅಲ್ಲಿನ ಕಟ್ಟಳೆ. ಮಾಡಿದವರು ಆ ಮನೆಗಳಲ್ಲಿ ಒಂದು ದಿನವೂ ಮಲಗಿದವರಲ್ಲ.

ಅಕ್ಕಯ್ಯಮ್ಮ ಬಯ್ಯಣ್ಣ ಮೇಸ್ತ್ರಿಯ ಕಾಲು ಹಿಡಿದಳು. ಅವನಿಗೆ ಆಳು ಬೇಕಿತ್ತು. ಮಗನನ್ನು ಕಳಿಸು ಅಂದ. ತಿಂಗಳ ಕೊನೆಯ ಭಾನುವಾರ ದೊಡ್ಡ ಮನುಷ್ಯರು ಬರುತ್ತಾರೆ, ಬೇರೆ ಬೇರೆ ಸೀಮೆಯ ಹಳೇ ಕೆಂಪು ವೈನುಗಳನ್ನು ಒಟ್ಟಿಗೆ ಕೂತು ರುಚಿ ನೋಡಿ, ಯಾವುದು ಹೆಚ್ಚು ಯಾವುದು ಕಮ್ಮಿ ಅಂತ ನಂಬರು ಕೊಡುತ್ತಾರೆ. ಆವತ್ತು ಸಂಜೆಯ ತನಕ ಇವನು ಕೆಲಸ ಕಳೆದುಕೊಳ್ಳದೆ ನಿಂತರೆ ಹೆಸರು ಖಾಯಂ ಬರೆಯುತ್ತೇನೆ, ಮನೆ ನಿಮ್ಮದೇ. ನಿಲ್ಲದಿದ್ದರೆ ಕೀ ತಂದುಕೊಡು ಅಂದ.

ಮೊದಲನೆಯ ದಿನ ಮೇಸ್ತ್ರಿ ಪಿಳ್ಳಪ್ಪನ ಕೈಗೆ ತೆಂಗಿನ ನಾರು, ಒಂದು ಬಕೆಟ್ಟು ಕೊಟ್ಟು, ಕಣ್ಣಿಗೆ ಬಿದ್ದ ಬಾಟ್ಲಿಗಳನ್ನೆಲ್ಲ ಮುಖ ಕಾಣುವ ಹಾಗೆ ತೊಳೆಯಬೇಕು ಅಂದ. ಹೊಸ ಆಳುಗಳು ನಡುನಡುವೆ ಬೀಡಿಗೆ ಏಳುತ್ತಾರೆ ಅಂತ ಇನ್ನೊಂದು ಮಾತನ್ನೂ ಸೇರಿಸಿದ. "ಕೊನೇ ಬಾಟ್ಲಿ ಮುಗಿಯೋ ತನಕ ತಲೆ ಎತ್ತಬೇಡ."

ಪಿಳ್ಳಪ್ಪ ಗಂಟು ಹಾಕಿದ. ಅಂಗಳದಲ್ಲಿದ್ದ ಖಾಲಿ ಬಾಟ್ಲಿಗಳನ್ನು ಮಧ್ಯಾಹ್ನದೊಳಗೆ ತೊಳೆದ. ತಲೆ ಬಗ್ಗಿಸಿಕೊಂಡೇ ಇದ್ದದ್ದರಿಂದ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲು ಕಾಣಿಸಿತು. ಇಳಿದ. ಅಲ್ಲಿ ಹತ್ತು ಹದಿನೈದು ವರ್ಷದಿಂದ ಮಲಗಿದ್ದ ಬಾಟ್ಲಿಗಳು, ಮೇಲೆ ಬೆರಳು ದಪ್ಪ ಧೂಳು. ನಂದಿ ತಪ್ಪಲಿನದು ಒಂದು ಗೂಡು, ವಿಜಯಪುರದ ಕಡೆಯಿಂದ ಬಂದ ಕೃಷ್ಣಾ ದಂಡೆಯದು ಒಂದು, ನಾಸಿಕದ್ದು ಒಂದು, ಫ್ರಾನ್ಸಿನದು ಒಂದು. ಯಾವುದರಲ್ಲೂ ಮುಖ ಕಾಣುತ್ತಿರಲಿಲ್ಲ. ಎಲ್ಲವನ್ನೂ ಉಜ್ಜಿದ. ಧೂಳು ಹೋಯಿತು, ಲೇಬಲ್ಲೂ ಹೋಯಿತು. ಪಾಪ, ಲೇಬಲ್ಲುಗಳನ್ನು ಅವನು ಬಿಸಾಡಲಿಲ್ಲ. ಮೆಟ್ಟಿಲ ಮೇಲೆ ಬಿಸಿಲಿಗೆ ಹರಡಿ, ಹಾರಿಹೋಗದ ಹಾಗೆ ಒಂದೊಂದರ ಮೇಲೂ ಒಂದೊಂದು ಕಲ್ಲಿಟ್ಟ.

ಬಯ್ಯಣ್ಣ ಬಂದು ನೋಡಿ ಮೆಟ್ಟಿಲ ಮೇಲೆ ಕುಸಿದು ಕೂತ. ಯಾವ ಬಾಟ್ಲಿ ಯಾವ ಸೀಮೆಯದು ಅಂತ ಇನ್ನು ದೇವರಿಗೂ ಗೊತ್ತಾಗುವ ಹಾಗಿರಲಿಲ್ಲ. ಕಾರ್ಖಾನೆಯ ಒಡೆಯ ಚಂದ್ರಮೌಳಿ ಸಾಹುಕಾರರಿಗೆ ತಿಳಿದರೆ ಮೊದಲು ಹೋಗುವುದು ಮೇಸ್ತ್ರಿಯ ಕೆಲಸ. ಅವನು ಮೈದಾ ಅಂಟು ಕಲಸಿ, ಕೈಗೆ ಸಿಕ್ಕ ಲೇಬಲ್ಲನ್ನು ಕೈಗೆ ಸಿಕ್ಕ ಬಾಟ್ಲಿಗೆ ಮೆತ್ತಿದ. ಕೃಷ್ಣೆ ನಾಸಿಕಕ್ಕೆ ಹೋಯಿತು, ನಂದಿ ಪಾಸ್‌ಪೋರ್ಟಿಲ್ಲದೆ ಫ್ರಾನ್ಸಿಗೆ ಹೋಯಿತು. ಆಮೇಲೆ ರಸ್ತೆಯಿಂದ ಕೆಂಧೂಳು ತಂದು, ಜರಡಿ ಹಿಡಿದು ಎಲ್ಲದರ ಮೇಲೂ ಉದುರಿಸಿದ. ಉದುರಿಸುತ್ತಲೇ ಬೈದ.

"ಹಳೇದಕ್ಕೆ ಮರ್ಯಾದೆ ಬರೋದೇ ಧೂಳಿಂದ ಕಣೋ. ಹಳೇದು ಕಂಡ್ರೆ ಅದರ ಮೇಲೆ ಧೂಳಿರಬೇಕು. ತಿಳೀತಾ?"

ಲೇಬಲ್ಲಿನ ವಿಷಯ ಬಾಯಿಬಿಟ್ಟರೆ ನಾಲಿಗೆ ಕಿತ್ತು ಹಾಕುತ್ತೇನೆ ಅಂದ. ಓಡಿಸುವ ಧೈರ್ಯ ಮಾತ್ರ ಮಾಡಲಿಲ್ಲ. ಓಡಿಸಿದರೆ ಇವನು ದಾರಿಯಲ್ಲಿ ಸಿಕ್ಕವರಿಗೆಲ್ಲ ಏನಾಯಿತು ಅಂತ ಹೇಳುವವನೇ. ಪಿಳ್ಳಪ್ಪ ತಲೆಯಾಡಿಸಿದ. ಹಳೇದು ಕಂಡರೆ ಧೂಳು. ಒಂದು ಗಂಟು.

ಮೂರು ದಿನ ಕಳೆಯಿತು. ಸಾಹುಕಾರರ ತಂದೆಗೆ ಎಂಬತ್ತೆಂಟು ವರ್ಷ, ಕಣ್ಣು ಮಂಜು. ಆವತ್ತು ಅವರಿಗೆ ಎಣ್ಣೆ ನೀರು ಎರೆದು, ಬಿಳಿ ಪಂಚೆ ಉಡಿಸಿ, ಜಗಲಿಯ ಕುರ್ಚಿಯಲ್ಲಿ ಕೂರಿಸಿದ್ದರು. ದೊಡ್ಡವರ ಪಕ್ಕದಲ್ಲಿ ಮರ್ಯಾದೆಯಿಂದ ನಿಂತಿರು ಅಂತ ಪಿಳ್ಳಪ್ಪನಿಗೆ ಹೇಳಿ ಸಾಹುಕಾರರು ಒಳಗೆ ಹೋದರು. ಪಿಳ್ಳಪ್ಪ ನೋಡಿದ. ಎಂಬತ್ತೆಂಟು ವರ್ಷ ಅಂದರೆ ನೆಲಮಾಳಿಗೆಯ ಯಾವ ಬಾಟ್ಲಿಗಿಂತಲೂ ಹಳೇದು. ಮೈಮೇಲೆ ಒಂದು ಚಿಟಿಕೆ ಧೂಳಿಲ್ಲ. ಇಷ್ಟು ದೊಡ್ಡ ಮನುಷ್ಯನಿಗೆ ಇಷ್ಟೂ ಮರ್ಯಾದೆ ಇಲ್ಲವಲ್ಲ ಅಂತ ಅವನಿಗೆ ಸಂಕಟವಾಯಿತು. ಜರಡಿ ತಂದ. ತಲೆಯಿಂದ ಶುರು ಮಾಡಿದ.

ಮುದುಕರು, ಪೌಡರಾ ಅಂತ ಕೇಳಿದರು. ಬೆನ್ನಿಗೂ ಒಂಚೂರು ಹಾಕು ಅಂದರು.

ಸಾಹುಕಾರರು ಹೊರಗೆ ಬಂದಾಗ ಅವರಪ್ಪ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದರು. ಪಿಳ್ಳಪ್ಪನನ್ನು ಆಗಲೇ ಓಡಿಸುತ್ತಿದ್ದರು. ಆದರೆ ಮುದುಕರು ಬಿಡಲಿಲ್ಲ. ನೀವು ನೀರೆರೆದು ಕೂರಿಸಿ ಹೋಗುತ್ತೀರಿ, ಆರು ತಿಂಗಳಿಂದ ನನ್ನ ಹತ್ತಿರ ಯಾರೂ ನಿಂತಿರಲಿಲ್ಲ, ಈ ಹುಡುಗ ಬೆನ್ನು ಮುಟ್ಟಿದ, ಇರಲಿ ಬಿಡು ಅಂದರು. ಸಾಹುಕಾರರು ಹಲ್ಲು ಕಚ್ಚಿಕೊಂಡು ಬಿಟ್ಟರು.

ಲೈನ್ ಮನೆಗೆ ಸುದ್ದಿ ಪಿಳ್ಳಪ್ಪನಿಗಿಂತ ಮುಂಚೆ ಬಂದಿತ್ತು. ಅಕ್ಕಯ್ಯಮ್ಮ ಮಡಿಚಿದ ಕೈಯಲ್ಲೇ ಹಣೆ ಚಚ್ಚಿಕೊಂಡಳು. "ಹಂಗಲ್ಲ ಕಣೋ ನನ್ನ ಮಗನೇ. ಹಳೇ ಜೀವ ಕಂಡ್ರೆ ಕಂಬ್ಳಿ ಹೊದಿಸ್ಬೇಕು. ಎಳೆಬಿಸಿಲಿಗೆ ಕೂರಿಸ್ಬೇಕು. ಬಿಸಿನೀರು ಹುಯ್ದು ಮೈ ಬೆಚ್ಚಗೆ ಮಾಡ್ಬೇಕು."

ಕಂಬಳಿ, ಬಿಸಿಲು, ಬಿಸಿನೀರು. ಪಿಳ್ಳಪ್ಪ ಮೂರು ಸಲ ಬಾಯಿಪಾಠ ಮಾಡಿ ಗಂಟು ಹಾಕಿದ.

ಮಾರನೆಯ ದಿನ ಮೇಸ್ತ್ರಿ ಅವನನ್ನು ಕರೆದು, ನೆಲಮಾಳಿಗೆಯಿಂದ ತೀರ ಹಳೆಯ ಆರು ಬಾಟ್ಲಿಗಳನ್ನು ಮೇಲೆ ತಂದು ಜೋಪಾನವಾಗಿ ಇಟ್ಟಿರು, ಬಂದೆ ಅಂತ ಹೇಳಿ ತೋಟಕ್ಕೆ ಹೋದ. ಬರುವಷ್ಟರಲ್ಲಿ ಆರೂ ಬಾಟ್ಲಿಗಳು ಅಂಗಳದಲ್ಲಿ ಸಾಲಾಗಿ ಕೂತಿದ್ದವು. ಒಂದೊಂದಕ್ಕೂ ಕುತ್ತಿಗೆಯ ತನಕ ಕಂಬಳಿ. ಪಿಳ್ಳಪ್ಪ ಹಂಡೆಯಿಂದ ಬಿಸಿನೀರು ಮೊಗೆದು ಒಂದೊಂದಕ್ಕೂ ಹುಯ್ಯುತ್ತಿದ್ದ, ತಾಯಿ ಮಗುವಿಗೆ ಹುಯ್ದ ಹಾಗೆ ಕೈ ಅಡ್ಡ ಹಿಡಿದು, ಕಣ್ಣಿಗೆ ನೀರು ಬೀಳದ ಹಾಗೆ. ಮೇಸ್ತ್ರಿ ಗೇಟಿನ ಹತ್ತಿರ ಇದ್ದಾಗ ಮೊದಲನೆಯ ಬೂಚು ಹಾರಿತು. ಉಳಿದವು ಒಂದರ ಹಿಂದೆ ಒಂದು ಹಾರಿದವು. ಹದಿನೈದು ವರ್ಷದ ವೈನು ಅಂಗಳದಲ್ಲಿ ಹರಿದು ಚರಂಡಿಗೆ ಹೋಯಿತು. ಸಾಹುಕಾರರ ಕೋಳಿಗಳು ಕುಡಿದವು. ಹುಂಜ ನಡುಮಧ್ಯಾಹ್ನ ಕೂಗಿ, ಗೋಡೆ ಹತ್ತಲು ಹೋಗಿ ಬಿತ್ತು.

ಚರಂಡಿಗೆ ಹೋದದ್ದು ಮೊನ್ನೆ ಲಾರಿಯಲ್ಲಿ ಬಂದವು, ಕುಲುಕಾಟಕ್ಕೆ ಬೂಚು ಸಡಿಲವಾಗಿತ್ತು ಅಂತ ಮೇಸ್ತ್ರಿ ಸಾಹುಕಾರರಿಗೆ ಸುಳ್ಳು ಹೇಳಿದ. ಹೇಳದೆ ವಿಧಿಯಿರಲಿಲ್ಲ, ಲೇಬಲ್ಲಿನ ಗುಟ್ಟು ಪಿಳ್ಳಪ್ಪನ ಹೊಟ್ಟೆಯಲ್ಲಿತ್ತು. ಸಾಹುಕಾರರು ಆಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಪಾಠ ಮಾಡಿದರು. ದೂರದಿಂದ ಬಂದದ್ದನ್ನು ಬಂದ ತಕ್ಷಣ ಮೇಲೆ ಇಡಬಾರದು. ನೆಲಮಾಳಿಗೆಯ ಕತ್ತಲಲ್ಲಿ, ತಂಪಿನಲ್ಲಿ ಅಡ್ಡಲಾಗಿ ಮಲಗಿಸಬೇಕು. ಒಂದು ದಿನ ಅಲ್ಲಾಡಿಸಬಾರದು, ತಲೆಯ ಮೇಲಿನ ಬೂಚು ತೆಗೆಯಬಾರದು. "ಬೆಲೆಬಾಳೋದು ಯಾವುದೇ ಇರಲಿ, ಬೂಚು ಬಡಿದು, ಕತ್ತಲಲ್ಲಿಟ್ಟು, ಎಲ್ಲಿಟ್ಟಿದ್ದೀವಿ ಅನ್ನೋದನ್ನೇ ಮರೆತುಬಿಡಬೇಕು" ಅಂದರು. ಅವರು ಮರೆಯಬಲ್ಲವರು. ಇಪ್ಪತ್ತೆರಡು ವರ್ಷದ ಬೆರಳನ್ನೇ ಮರೆತವರು.

ಪಿಳ್ಳಪ್ಪನಿಗೆ ಇದು ದೊಡ್ಡ ಪಾಠ. ಎರಡು ಗಂಟು ಹಾಕಿದ.

ಮನೆಯಲ್ಲಿ ಅಕ್ಕಯ್ಯಮ್ಮ ಮೊದಲ ಸಲ ಬೈಯಲಿಲ್ಲ. ಚರಂಡಿಯಲ್ಲಿ ಕೆಂಪು ಹರಿದದ್ದನ್ನು ಅವಳು ನಲ್ಲಿಯ ಹತ್ತಿರ ನಿಂತು ನೋಡಿದ್ದಳು. ತಟ್ಟೆಯಲ್ಲಿದ್ದ ಮುದ್ದೆ ಮುರಿಯಲು ಬೆರಳು ಬಿಚ್ಚದೆ, ಮಗನೇ ಮುರಿದು ಕೊಟ್ಟ. ಒಂದು ತುತ್ತು ನುಂಗಿ ಅವಳು ಕೈ ಮುಂದೆ ಚಾಚಿದಳು.

"ನೋಡ್ಕೋ. ಈ ಬೆರಳು ಹಿಂಗಾಗಿದ್ದು ಆ ಚರಂಡೀಲಿ ಹೋಯ್ತಲ್ಲ, ಅದಕ್ಕೆ. ಇನ್ನು ಮುಂದೆ ನಿನ್ನ ಕೈಯಾರ ಒಂದು ತೊಟ್ಟೂ ಚೆಲ್ಲಬಾರದು. ಯಾರೇ ಚೆಲ್ಲು ಅಂದ್ರೂ ಚೆಲ್ಲಬೇಡ."

ಪಿಳ್ಳಪ್ಪ ಟವಲು ತೆಗೆದ. ಈ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದ.

ಕೊನೆಯ ಭಾನುವಾರ ಹತ್ತಿರ ಬಂತು. ರುಚಿ ನೋಡುವ ಹನ್ನೆರಡು ಜನರಲ್ಲಿ ಹಿರಿಯವರು ಮಂಗಳೂರಿನ ಫಿಲೋಮಿನಾ ಬಾಯಿ. ಎಪ್ಪತ್ತು ದಾಟಿದ ಹೆಂಗಸು, ನಲವತ್ತು ವರ್ಷದಿಂದ ಇದೇ ಕಸುಬು, ಮೂಗಿನಲ್ಲೇ ಊರು ಹೇಳುವವರು ಅಂತ ಹೆಸರು. ಶನಿವಾರ ಬೆಳಿಗ್ಗೆಯೇ ಬಂದಿಳಿದರು. ಘಾಟಿ ದಾರಿಯ ಕುಲುಕಾಟಕ್ಕೆ ಸೊಂಟ ಹಿಡಿದಿತ್ತು. ತಲೆಗೆ ಉಣ್ಣೆ ಟೋಪಿ. ಗೇಟಿನಲ್ಲಿದ್ದವನು ಪಿಳ್ಳಪ್ಪ ಒಬ್ಬನೇ.

ಎಲ್ಲಿಂದ ಬಂದಿರಿ ಅಮ್ಮ ಅಂತ ಕೇಳಿದ. ತುಂಬ ದೂರದಿಂದ ಮಗಾ ಅಂದರು ಅವರು.

ದೂರದಿಂದ ಅಂದ ಮೇಲೆ ಮಾತಿಲ್ಲ. ಅವರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಒಂದು ಚೂರೂ ಅಲ್ಲಾಡಿಸದೆ ನೆಲಮಾಳಿಗೆಗೆ ಇಳಿಸಿದ. ಒಂದು ಗೂಡಿನಲ್ಲಿ ಗೋಣಿ ಹಾಸಿ ಅಡ್ಡಲಾಗಿ ಮಲಗಿಸಿದ. ಬಾಯಿ ಮೊದಲು ಚೀರಲು ಹೋದರು. ಆಮೇಲೆ ಸೊಂಟಕ್ಕೆ ತಂಪು ತಾಗಿತು, ಸುಮ್ಮನಾದರು. ಒತ್ತುತ್ತದೆ ಅಂತ ಟೋಪಿ ತೆಗೆಯಲು ಕೈ ಎತ್ತಿದರೆ ಇವನು ಬಿಡಲಿಲ್ಲ. ನಾಳೆ ಬೆಳಿಗ್ಗೆ ತನಕ ತೆಗೆಯುವ ಹಾಗಿಲ್ಲ ಅಮ್ಮ ಅಂತ ಕೈಮುಗಿದ.

ಇಡೀ ಕಾರ್ಖಾನೆ ಬಾಯಿಯವರನ್ನು ಹುಡುಕಿತು. ಸಾಹುಕಾರರು ಬಸ್‌ಸ್ಟ್ಯಾಂಡಿಗೆ ಕಾರು ಕಳಿಸಿದರು, ಬಾವಿಗೆ ಟಾರ್ಚು ಬಿಡಿಸಿದರು. ಸಂಜೆ ಮೇಸ್ತ್ರಿ ನೆಲಮಾಳಿಗೆಗೆ ಇಳಿದಾಗ, ನಾಸಿಕ ಮತ್ತು ಫ್ರಾನ್ಸಿನ ನಡುವೆ ಗೊರಕೆ ಕೇಳಿಸಿತು. ಬಾಯಿ ಎದ್ದು ಮೈಮುರಿದು, ಇಷ್ಟು ಒಳ್ಳೆಯ ನಿದ್ದೆ ಯಾವ ಹೋಟೆಲಿನಲ್ಲೂ ಬಂದಿಲ್ಲ, ಈ ಹುಡುಗನನ್ನು ಯಾರೂ ಬೈಯಬೇಡಿ ಅಂದರು. ಪಿಳ್ಳಪ್ಪನ ಕೆಲಸ ಇನ್ನೊಂದು ದಿನ ಉಳಿಯಿತು.

"ಹಂಗಲ್ಲ ಕಣೋ ನನ್ನ ಮಗನೇ" ಅಂದಳು ಅಕ್ಕಯ್ಯಮ್ಮ. "ಬರೋರು ಮನುಷ್ಯರು, ಬಾಟ್ಲಿಗಳಲ್ಲ. ನಾಳೆ ಒಂದು ದಿನ ನಿನ್ನ ಬುದ್ಧಿ ಓಡಿಸ್ಬೇಡ. ಅವ್ರು ಹೇಳಿದ್ದಷ್ಟು ಮಾಡು. ನಾಳೆ ಸಂಜೆ ನಾವು ಈ ಮನೇಲಿದ್ರೆ ಸಾಕು."

ಭಾನುವಾರ ಬಂತು.

ರುಚಿ ನೋಡುವ ಕೋಣೆ ಕಲ್ಲಿನದು. ಕಿಟಕಿಗಳಿಗೆ ಕಬ್ಬಿಣದ ಸರಳು. ಬಾಗಿಲು ಯಾವುದೋ ಹಳೇ ಅರಮನೆಯದು, ಗೇಣು ದಪ್ಪ, ಸಾಹುಕಾರರು ತಮ್ಮ ಕಾರ್ಖಾನೆಯೂ ಹಳೇದು ಅಂತ ಕಾಣಲಿ ಅಂತ ತಂದು ನಿಲ್ಲಿಸಿದ್ದು. ಒಳಗೆ ಉದ್ದನೆಯ ಮೇಜು, ಸುತ್ತ ಹನ್ನೆರಡು ಜನ, ಒಬ್ಬೊಬ್ಬರ ಮುಂದೆ ಲೋಟಗಳು, ಬಿಸ್ಕತ್ತು, ನಂಬರು ಬರೆಯುವ ಕಾಗದ. ಮೇಸ್ತ್ರಿ ಬಗ್ಗಿಸುವುದು, ಪಿಳ್ಳಪ್ಪ ಹಿತ್ತಾಳೆಯ ದೊಡ್ಡ ಬೋಗುಣಿ ಹಿಡಿದು ಹಿಂದೆ ನಿಲ್ಲುವುದು. ಕುಡಿದವರ ಮುಂದೆಲ್ಲ ಬೋಗುಣಿ ಹಿಡಿಯಬೇಕು ಅಂತ ಮೇಸ್ತ್ರಿ ಹೇಳಿದ್ದ. ಯಾಕೆ ಅಂತ ಹೇಳಿರಲಿಲ್ಲ.

ಮೊದಲು ನಂದಿ ಅಂತ ಬರೆದಿದ್ದನ್ನು ಬಗ್ಗಿಸಿದರು. ಒಳಗೆ ಏನಿತ್ತೋ, ಮೈದಾ ಅಂಟಿಗೆ ಗೊತ್ತು. ಹನ್ನೆರಡು ಜನವೂ ಲೋಟವನ್ನು ಬೆಳಕಿಗೆ ಹಿಡಿದರು, ಗಿರ್ರನೆ ತಿರುಗಿಸಿದರು, ಮೂಗು ಅದ್ದಿದರು. ಒಂದು ಗುಟುಕು ಬಾಯಿಗೆ ಹಾಕಿ, ಹಲ್ಲು ನೋವಿನವರು ಉಪ್ಪುನೀರು ಮುಕ್ಕಳಿಸಿದ ಹಾಗೆ ಗಳಗಳ ಅನ್ನಿಸಿ, ನುಂಗಿದರೆ ಅಮಲೇರುತ್ತದೆ ಅಂತ ಬೋಗುಣಿಗೆ ಉಗುಳಿದರು.

ಪಿಳ್ಳಪ್ಪ ಬೋಗುಣಿಯೊಳಗೆ ಬಗ್ಗಿ ನೋಡಿದ. ಕೆಟ್ಟುಹೋಗಿದೆ ಅಂದುಕೊಂಡ. ಆದರೆ ಉಗುಳಿದವರೇ ಹೊಗಳಲು ಶುರು ಮಾಡಿದರು. ಒಬ್ಬರಿಗೆ ಮಳೆ ಬಿದ್ದ ಬಂಡೆಯ ವಾಸನೆ ಬಂತು. ಒಬ್ಬರಿಗೆ ಹಳೇ ಚರ್ಮದ ಪೆಟ್ಟಿಗೆ. ಇನ್ನೊಬ್ಬರು ಕಣ್ಣು ಮುಚ್ಚಿ, ಕುದುರೆ ಜೀನು ಅಂದರು. ಲೈನ್ ಮನೆಯಲ್ಲಿ ಸಾರಿಗೆ ಕುದುರೆ ಜೀನಿನ ವಾಸನೆ ಬಂದರೆ ಮಾಡಿದವಳ ಗತಿ ಏನಾಗುತ್ತಿತ್ತು ಅಂತ ಪಿಳ್ಳಪ್ಪ ಯೋಚಿಸಿದ.

ಕೃಷ್ಣೆ ಬಂತು, ಉಗುಳಿದರು. ಬಯಲುಸೀಮೆಯ ಬಿಸಿಲು ಎಷ್ಟು ಚೆನ್ನಾಗಿ ತಿಳಿಯುತ್ತದೆ ಅಂದರು. ನಾಸಿಕ ಬಂತು, ಉಗುಳಿದರು. ಕೊನೆಗೆ ಫ್ರಾನ್ಸ್ ಬಂತು. ಲೇಬಲ್ಲು ಓದಿದ ಕೂಡಲೇ ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕೂತರು. ಆಹಾ ಅಂದರು. ಇದು ನಮ್ಮ ಕಡೆಯ ದ್ರಾಕ್ಷಿಗೆ ಏಳು ಜನ್ಮಕ್ಕೂ ಬರುವುದಿಲ್ಲ ಅಂದರು. ಆ ಬಾಟ್ಲಿಯಲ್ಲಿದ್ದದ್ದು ಅಕ್ಕಯ್ಯಮ್ಮ ಕತ್ತರಿಸಿದ ಗೊಂಚಲು. ಫಿಲೋಮಿನಾ ಬಾಯಿ ಒಬ್ಬರೇ ಎರಡು ಸಲ ಮೂಸಿ, ಹುಬ್ಬು ಗಂಟಿಕ್ಕಿ, ಕಿಟಕಿಯಾಚೆ ಕಾಣುವ ಬೆಟ್ಟವನ್ನು ನೋಡಿದರು. ಆಮೇಲೆ ಅವರೂ ಉಗುಳಿದರು.

ಬೋಗುಣಿ ತುಂಬಿತು. ತಗೊಂಡು ಹೋಗಿ ಖಾಲಿ ಮಾಡು ಅಂತ ಮೇಸ್ತ್ರಿ ಕಣ್ಣಿನಲ್ಲೇ ಸನ್ನೆ ಮಾಡಿದ.

ಪಿಳ್ಳಪ್ಪ ಚರಂಡಿಯ ತನಕ ಹೋದ. ಬೋಗುಣಿ ಬಗ್ಗಿಸಲು ಕೈ ಬರಲಿಲ್ಲ. ಹಲ್ಲಿನಲ್ಲಿ ಕಚ್ಚಿ ಬಿಗಿದ ಗಂಟು ಕಣ್ಣಿಗೆ ಬಿತ್ತು. ಖಾಲಿಯೂ ಮಾಡಬೇಕು, ಒಂದು ತೊಟ್ಟೂ ಚೆಲ್ಲಬಾರದು. ಅವನು ಯಾರ ಮಾತನ್ನೂ ಮೀರುವವನಲ್ಲ. ಪಾತ್ರೆ ಒರೆಸುವ ಬಿಳಿ ಬಟ್ಟೆಯೊಂದನ್ನು ಹಿಡಿದು, ಬಿಸ್ಕತ್ತಿನ ಚೂರು ಸೋಸಿ, ಎರಡು ಬಾಟ್ಲಿಗೆ ತುಂಬಿದ. ಬೋಗುಣಿ ಖಾಲಿಯಾಯಿತು. ಬಾಟ್ಲಿಗಳ ಮೈಮೇಲೆ ಧೂಳಿರಲಿಲ್ಲ, ಒಳಗಿರುವುದು ಹಳೇದು. ಜರಡಿ ತಂದು ಧೂಳು ಉದುರಿಸಿದ. ಒಂದನ್ನು ಅಲ್ಲೇ ಹೊರಗೋಡೆಗೆ ಒರಗಿಸಿ, ಇನ್ನೊಂದನ್ನು ತಂದು ಮೇಜಿನ ಮೇಲಿಟ್ಟ.

ಲೇಬಲ್ಲಿಲ್ಲದ, ಧೂಳು ಹಿಡಿದ ಬಾಟ್ಲಿ. ಮೇಸ್ತ್ರಿ ಗುಟ್ಟಾಗಿ ಎತ್ತಿಟ್ಟಿದ್ದನ್ನು ತರಿಸಿದ್ದಾನೆ ಅಂದುಕೊಂಡರು ಸಾಹುಕಾರರು. ಸಾಹುಕಾರರ ಸ್ವಂತ ಖಜಾನೆಯದು ಅಂದುಕೊಂಡ ಮೇಸ್ತ್ರಿ. ಗೊತ್ತಿಲ್ಲ ಅಂತ ಹೇಳುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಹನ್ನೆರಡು ಲೋಟಕ್ಕೂ ಬಗ್ಗಿಸಿದರು.

ಮೂಸಿದರು. ಕುದುರೆ ಜೀನಿನವರ ಕಣ್ಣಲ್ಲಿ ನೀರು ಬಂತು. ಇದರಲ್ಲಿ ಬೆಟ್ಟದ ತಂಪಿದೆ ಅಂದರು ಒಬ್ಬರು. ಬಯಲಿನ ಬಿಸಿಲೂ ಇದೆಯಲ್ಲ ಅಂದರು ಇನ್ನೊಬ್ಬರು. ನಾಲ್ಕು ಸೀಮೆಗಳೂ ಒಂದೇ ಗುಟುಕಿನಲ್ಲಿ ಬರುತ್ತಿವೆ, ಇದು ಹೇಗೆ ಸಾಧ್ಯ ಅಂದರು ಮೂರನೆಯವರು. ಗುಟುಕರಿಸಿದರು. ಪಿಳ್ಳಪ್ಪ ಬೋಗುಣಿ ಹಿಡಿದು ಮುಂದೆ ನಿಂತ. ಕೈಯಲ್ಲಿ ಬೇಡ ಅಂತ ಸನ್ನೆ ಮಾಡಿದರು. ಇದನ್ನು ಯಾರಾದರೂ ಉಗುಳುತ್ತಾರೆಯೇ ಅಂದರು. ನುಂಗಿದರು. ಇನ್ನೊಂದು ಸುತ್ತು ಕೇಳಿದರು. ನೂರಕ್ಕೆ ತೊಂಬತ್ತೆಂಟು ನಂಬರು ಬರೆದು ಸಹಿ ಹಾಕಿದರು.

ಫಿಲೋಮಿನಾ ಬಾಯಿ ಮಾತ್ರ ಲೋಟವನ್ನು ತುಟಿಗೆ ತಾಗಿಸದೆ ಕೆಳಗಿಟ್ಟರು. ಅವರ ಮೂಗಿಗೆ ಬಿಸ್ಕತ್ತು ಬಡಿದಿತ್ತು.

"ಮಗಾ, ಇದು ಯಾವ ಊರಿನದು?"

"ನಿಮ್ಮೆಲ್ಲರ ಬಾಯಿಂದ ಬಂದಿದ್ದಮ್ಮ" ಅಂದ ಪಿಳ್ಳಪ್ಪ. "ನಾಲ್ಕು ಸಲ ಉಗುಳಿದ್ದು. ಒಂದು ತೊಟ್ಟೂ ಚೆಲ್ಲಿಲ್ಲ."

ಹನ್ನೊಂದು ಜನ ಒಟ್ಟಿಗೆ ಬೋಗುಣಿಯ ಮೇಲೆ ಬಿದ್ದರು. ಆದರೆ ನುಂಗಿದ್ದು ನುಂಗಿಯಾಗಿತ್ತು. ಬಾಯಿಯವರು ನಕ್ಕು ನಕ್ಕು ಟೋಪಿಯಲ್ಲಿ ಕಣ್ಣೊರೆಸಿಕೊಂಡರು.

ಸಾಹುಕಾರರು ಪಿಳ್ಳಪ್ಪನ ಕಡೆ ತಿರುಗಿದರು. ಇವತ್ತಿಗೆ ನಿನ್ನ ಕೆಲಸ ಮುಗಿಯಿತು, ಸಂಜೆಯೇ ನಿಮ್ಮಮ್ಮ ಬೀಗದ ಕೈಯನ್ನು ಮೇಸ್ತ್ರಿಯ ಕೈಗೆ ಕೊಟ್ಟು ಜಾಗ ಬಿಡಬೇಕು ಅಂದರು. ಆಮೇಲೆ ಬೆರಳು ಎತ್ತಿ ಹೇಳಿದರು. "ಇಲ್ಲಿ ಆದ ಮಾತು ಈ ಬಾಗಿಲು ದಾಟಬಾರದು. ದಾಟಿದರೆ ನಿನ್ನನ್ನೇ ಕೇಳ್ತೀನಿ."

ಪಿಳ್ಳಪ್ಪ ಹೊರಗೆ ಬಂದು ಯೋಚಿಸಿದ. ಮಾತು ಇರುವುದು ಬಾಯಲ್ಲಿ. ಒಳಗೆ ಹನ್ನೆರಡು ಬಾಯಿ, ಸಾಹುಕಾರರದು, ಮೇಸ್ತ್ರಿಯದು ಸೇರಿ ಹದಿನಾಲ್ಕು. ಬಾಯಿ ದಾಟಿದರೆ ಮಾತೂ ದಾಟಿತು. ತನ್ನ ಬಾಯಿ ಆಗಲೇ ಹೊರಗಿತ್ತು, ಅದನ್ನು ಟವಲಿನಲ್ಲಿ ಕಟ್ಟಿಕೊಂಡ. ಅರಮನೆಯ ಬಾಗಿಲು ಎಳೆದು, ಚಿಲಕ ಹಾಕಿ, ಅಲ್ಲೇ ಕೀ ಸಮೇತ ನೇತಾಡುತ್ತಿದ್ದ ಬೀಗ ಜಡಿದ. ಕೀ ಬೆಲೆಬಾಳುವ ವಸ್ತು. ಬೆಲೆಬಾಳುವುದನ್ನು ಏನು ಮಾಡಬೇಕು ಅಂತ ಸಾಹುಕಾರರೇ ಪಾಠ ಮಾಡಿದ್ದರು. ಅವನು ಅದನ್ನೂ ಮಾಡಿ, ಮನೆಗೆ ಹೋಗಿ ತಾಯಿಯ ಮುಂದೆ ಕೂತ.

ಕೆಲಸ ಹೋಯಿತು ಅನ್ನುವುದು ಅವನ ಮುಖದಲ್ಲೇ ಅಕ್ಕಯ್ಯಮ್ಮನಿಗೆ ಗೊತ್ತಾಯಿತು. ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚು ಅಂತ ಅವಳು ಹೇಳಲೂ ಇಲ್ಲ. ಎರಡು ಪಾತ್ರೆ, ಒಂದು ಚಾಪೆ ಕಟ್ಟಿದಳು. ದೀಪ ಹಚ್ಚುವ ಹೊತ್ತಿಗೆ ಸೆರಗಿನ ಗಂಟಿನಿಂದ ಮನೆಯ ಕೀ ತೆಗೆದುಕೊಂಡು, ಮೇಸ್ತ್ರಿಯನ್ನು ಹುಡುಕಿಕೊಂಡು ಕಲ್ಲಿನ ಕೋಣೆಯ ಕಿಟಕಿಗೆ ಬಂದಳು. ಹಿಂದೆ ಪಿಳ್ಳಪ್ಪ. ಅವನ ಹಿಂದೆ ಇಡೀ ಲೈನ್ ಮನೆ.

"ಮೇಸ್ತ್ರೇ, ತಗೊಳ್ಳಿ ಬೀಗದ ಕೈ" ಅಂದಳು.

ಸರಳುಗಳ ನಡುವಿನಿಂದ ಹನ್ನೊಂದು ಕೈ ಚಾಚಿದವು. ಬಯ್ಯಣ್ಣ ಕಿತ್ತುಕೊಂಡು ನೋಡಿ, ಇದಲ್ಲ ತಾಯಿ, ಇದಲ್ಲ, ಈ ಬಾಗಿಲಿನದು ಕೊಡು ಅಂದ. ಮೇಸ್ತ್ರಿ ತನಗೆ ತಾಯಿ ಅಂದದ್ದನ್ನು ಅಕ್ಕಯ್ಯಮ್ಮ ಇಪ್ಪತ್ತೆರಡು ವರ್ಷದಲ್ಲಿ ಕೇಳಿರಲಿಲ್ಲ. ಅವಳು ಬೀಗ ನೋಡಿದಳು, ಮಗನನ್ನು ನೋಡಿದಳು, ಅವನ ಬಾಯಿಯ ಬಟ್ಟೆ ಬಿಚ್ಚಿ ಒಳಗೆ ಆದದ್ದನ್ನೆಲ್ಲ ಕೇಳಿ ತಿಳಿದುಕೊಂಡಳು. ಒಳಗಿದ್ದವರ ಕೈಯಲ್ಲೆಲ್ಲ ಫೋನಿತ್ತು. ಯಾರಿಗೆ ಮಾಡುವುದು, ಏನಂತ ಹೇಳುವುದು? ಬಂದು ಬಿಡಿಸುವವರು ಯಾಕೆ ಬೀಗ ಬಿತ್ತು ಅಂತ ಕೇಳದೆ ಇರುತ್ತಾರೆಯೇ? ಬಾಗಿಲು ಒಡೆಸೋಣ ಅಂದರೆ ಸಾಹುಕಾರರು ಅಡ್ಡ ನಿಂತರು, ಅದು ಅರಮನೆಯ ಬಾಗಿಲು.

ನಿನ್ನ ಮಗನ ಹೆಸರು ಈಗಲೇ ಬರೀತೀನಿ, ಒಂಬತ್ತನೇ ಮನೆ ಸಾಯೋ ತನಕ ನಿಮ್ಮದು, ಹಾಜರಿ ಇರಲಿ ಬಿಡಲಿ ಅಂದರು ಸಾಹುಕಾರರು. ನಂಬರು ಕಾಗದ ತಿರುಗಿಸಿ, ಬರೆಯಲು ಪೆನ್ನು ತೆಗೆದರು. ಅಕ್ಕಯ್ಯಮ್ಮ ಹಿಂದೆ ತಿರುಗಿ ನೋಡಿದಳು. ನಲ್ಲಿಯ ಹತ್ತಿರ ದಿನಾ ಜಗಳ ಆಡುವವರೆಲ್ಲ ಅಲ್ಲಿ ನಿಂತಿದ್ದರು. ಕೆಲವರ ಬೆರಳುಗಳು ಆಗಲೇ ಅರ್ಧ ಮಡಿಚಿದ್ದವು.

"ಒಂಬತ್ತು ಅಂತ ಬರೀಬೇಡಿ ಸಾವ್ಕಾರ್ರೇ. ಒಂದರಿಂದ ಇಪ್ಪತ್ತು ಅಂತ ಬರೀರಿ."

ಸಾಹುಕಾರರು ಕಾಗದ ಹರಿದು ಹಾಕಿದರು. ಅಕ್ಕಯ್ಯಮ್ಮ ನೆಲದ ಮೇಲೆ ಕೂತಳು. ಸ್ವಲ್ಪ ಹೊತ್ತು ಬಿಟ್ಟು ಸಾಹುಕಾರರು ಇನ್ನೊಂದು ಕಾಗದ ತೆಗೆದರು. ಒಂದರಿಂದ ಇಪ್ಪತ್ತು ಅಂತ ಬರೆದರು. ಹನ್ನೆರಡು ಜನ ಸಾಕ್ಷಿ ಹಾಕಿದರು, ಮೊದಲ ಸಹಿ ಫಿಲೋಮಿನಾ ಬಾಯಿಯದು. ಮನೆಯ ಕೀಯೂ ಕಾಗದವೂ ಒಟ್ಟಿಗೆ ಸರಳು ದಾಟಿ ಬಂದವು. ಅಕ್ಕಯ್ಯಮ್ಮ ಎರಡನ್ನೂ ಸೆರಗಿಗೆ ಕಟ್ಟಿಕೊಂಡಳು.

"ತೆಗಿ ಮಗ ಬಾಗ್ಲು. ಎಲ್ಲಿಟ್ಟೆ ಕೀನ?"

"ಬೂಚಿಗೆ ದಾರ ಕಟ್ಟಿ, ದಾರಕ್ಕೆ ಕೀ ಕಟ್ಟಿ, ಆ ಉಗುಳಿದ್ದರ ಎರಡನೇ ಬಾಟ್ಲೀಲಿ ಇಳಿಬಿಟ್ಟು ಬೂಚು ಬಡಿದೆ. ಅಲ್ಲಾಡಬಾರದಲ್ಲ. ಧೂಳು ಹಾಕಿದೆ. ಕತ್ತಲಲ್ಲಿ ಮಲಗಿಸಿದೆ."

"ಯಾವ ಗೂಡಲ್ಲಿ?"

ಪಿಳ್ಳಪ್ಪ ಟವಲಿನ ಗಂಟು ಮುಟ್ಟಿ ನೋಡಿಕೊಂಡ. "ಮರೆತುಬಿಟ್ಟೆ ಕಣಮ್ಮ. ಸಾವ್ಕಾರ್ರು ಮರೀಬೇಕು ಅಂದಿದ್ರು. ಬೇಗ ಮರೆಯೋಕಾಗಲಿಲ್ಲ, ಕಣ್ಣು ಮುಚ್ಚಿ ಮೂರು ಸುತ್ತು ಸುತ್ತಿ ಮರೆತೆ."

ಒಳಗಿನಿಂದ ಸಾಹುಕಾರರು ಕೂಗಿದ ಕೂಗಿಗೆ ಗೋಡೆಯ ಮೇಲಿನ ಹುಂಜ ಇನ್ನೊಂದು ಸಲ ಬಿತ್ತು. ಆದರೆ ಉಳಿದ ದಾರಿ ಒಂದೇ. ಬಾಗಿಲು ಒಡೆಯಬೇಡಿ, ಬಾಟ್ಲಿ ತೆಗೆಯಿರಿ ಅಂತ ಅವರೇ ಹೇಳಬೇಕಾಯಿತು.

ಲೈನ್ ಮನೆಯವರು ನೆಲಮಾಳಿಗೆಗೆ ಇಳಿದರು. ಮೈದಾ ಅಂಟು ಒಣಗಿ ಎಷ್ಟೋ ಬಾಟ್ಲಿಗಳ ಲೇಬಲ್ಲು ಉದುರಿತ್ತು, ಕೀ ಯಾವುದರಲ್ಲಿದೆ ಅಂತ ಹೊರಗಿನಿಂದ ನೋಡಿ ಹೇಳುವ ಹಾಗಿರಲಿಲ್ಲ. ದ್ರಾಕ್ಷಿ ನೆಟ್ಟವರು, ಕತ್ತರಿಸಿದವರು, ಹೊತ್ತವರು, ತುಳಿದವರು. ಒಂದೊಂದೇ ಬೂಚು ಕಿತ್ತು, ಕೀ ಇಲ್ಲ ಅಂತ ಗೊತ್ತಾದ ಮೇಲೆ, ತೆಗೆದದ್ದನ್ನು ಏನು ಮಾಡುವುದು ಅಂತ ಅಕ್ಕಯ್ಯಮ್ಮನ ಮುಖ ನೋಡಿದರು. ಒಂದು ತೊಟ್ಟೂ ಚೆಲ್ಲಬಾರದು ಅಂತ ಪಿಳ್ಳಪ್ಪ ನೆನಪು ಮಾಡಿದ. ಲೋಟ ಇರಲಿಲ್ಲ, ಬಾಟ್ಲಿಯೇ ಕೈಯಿಂದ ಕೈಗೆ ಹೋಯಿತು. ಬೋಗುಣಿ ಬೀಗದೊಳಗೆ ಉಳಿದಿತ್ತು, ಕುಡಿದವರ ಮುಂದೆಲ್ಲ ಪಿಳ್ಳಪ್ಪ ಬಾಟ್ಲಿ ತೊಳೆಯುವ ಬಕೆಟ್ಟು ಹಿಡಿದು ನಿಂತ. ಒಬ್ಬರೂ ಉಗುಳಲಿಲ್ಲ.

ಅಕ್ಕಯ್ಯಮ್ಮ ಬಾಟ್ಲಿಯನ್ನು ಎರಡೂ ಮುಷ್ಟಿಗಳ ನಡುವೆ ಹಿಡಿದು ಒಂದು ಗುಟುಕು ಕುಡಿದಳು. ಇಪ್ಪತ್ತೆರಡು ವರ್ಷ ಕತ್ತರಿಸಿದ್ದರ ರುಚಿಯನ್ನು ಮೊದಲ ಸಲ ನೋಡಿದಳು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು.

"ಹುಳಿ" ಅಂದಳು. "ನಮ್ಮ ಹುಣಸೆ ಸಾರೇ ವಾಸಿ." ಅಂದು ಇನ್ನೊಂದು ಗುಟುಕು ಕುಡಿದಳು.

ಹದಿನೇಳನೆಯ ಬೂಚಿಗೆ ದಾರ ಬಂತು, ದಾರದ ತುದಿಯಲ್ಲಿ ಕೀ ಬಂತು. ಆ ಬಾಟ್ಲಿಯಲ್ಲಿ ಇದ್ದದ್ದನ್ನು ಮಾತ್ರ ಯಾರೂ ಮುಟ್ಟಲಿಲ್ಲ, ಅದು ದೊಡ್ಡ ಮನುಷ್ಯರದು ಅಂತ ಎತ್ತಿ ಬದಿಗಿಟ್ಟರು. ಸಿಕ್ಕಿತಾ, ಸಿಕ್ಕಿತಾ ಅಂತ ಮೇಲಿನಿಂದ ಮೇಸ್ತ್ರಿ ಕೂಗುತ್ತಿದ್ದ.

ಸಿಕ್ಕಿತು ಮೇಸ್ತ್ರೇ ಅಂತ ಪಿಳ್ಳಪ್ಪ ಉತ್ತರ ಕೊಟ್ಟ. ಕೀಯನ್ನು ಕಿವಿಗೆ ಸಿಕ್ಕಿಸಿಕೊಂಡ. ಬಾಗಿಲು ತೆಗೆಯಲು ಎದ್ದವನಿಗೆ, ಟವಲಿನ ತೀರ ಮೂಲೆಯಲ್ಲಿದ್ದ, ಕೆಲಸದ ಮೊದಲನೆಯ ದಿನದ ಗಂಟು ಕೈಗೆ ಸಿಕ್ಕಿತು. ಗೂಡುಗಳಲ್ಲಿ ಇನ್ನೂ ಮುನ್ನೂರು ಬಾಟ್ಲಿಗಳಿದ್ದವು. ಕೊನೆಯದು ಮುಗಿಯುವ ತನಕ ತಲೆ ಎತ್ತಬಾರದು ಅಂತ ಮೇಸ್ತ್ರಿಯೇ ಹೇಳಿದ್ದ.

ಅವನು ಮತ್ತೆ ಕೂತ. ಹದಿನೆಂಟನೆಯ ಬೂಚು ಕಿತ್ತ.